ಒಳಗಿನ ಚಿಲಕ

ಸತ್ತವರ ಜಾಗ ನೋಡಲು ಜನ ಹೋಗುವುದು ನನಗೆ ಹೊಸದಾಗಿರಲಿಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮ್ಮನ್ನು ಸಾಲು ಮಾಡಿ ಹಳೆಯ ಇಂಗ್ಲಿಷ್ ಸೆಮೆಟರಿಗೆ ಕರೆದೊಯ್ಯುತ್ತಿದ್ದರು. ಜ್ವರ ಬಂದು ಸತ್ತ ಪುಟ್ಟ ಮಕ್ಕಳ ಗೋರಿಯ ಬರಹ ಓದಿಸಿ, ‘ಸೈಲೆನ್ಸ್, ಗರ್ಲ್ಸ್’ ಎನ್ನುತ್ತಿದ್ದರು. ಸವಣೂರಿಗೆ ಸೊಸೆಯಾಗಿ ಬಂದ ಮೇಲೆ ತಿಳಿಯಿತು, ನಮ್ಮ ಕಡೆ ಇಂಥ ಜಾಗದಲ್ಲಿ ಸೈಲೆನ್ಸ್ ಇರುವುದಿಲ್ಲ, ಬಜ್ಜಿ ಇರುತ್ತದೆ.

ಎಂಬತ್ತರ ದಶಕದ ಆರಂಭ. ಹಿರೇಕೆರೂರಿನ ಕಡೆಯ ಒಂದು ಹಳ್ಳಿಯಲ್ಲಿ ಗಂಡ ತೀರಿಕೊಂಡ ಕೆಲವೇ ದಿನಕ್ಕೆ ಹೆಂಡತಿ ಮೇವಿನ ಕೋಣೆಯಲ್ಲಿ ಸುಟ್ಟು ಸತ್ತಳು. ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು, ಬಾಗಿಲು ಒಡೆಯುವಷ್ಟರಲ್ಲಿ ಮುಗಿದೇ ಹೋಗಿತ್ತು ಎಂದು ಗಂಡನ ಮನೆಯವರು ಹೇಳಿದರು. ಗಂಡನ ಹಿಂದೆ ಹೋದಳು, ಮಾಸ್ತಿಯಾದಳು ಎಂದು ಊರು ಹೇಳಿತು. ನಮ್ಮ ಸೀಮೆಯ ಹೊಲಗಳ ಬದುವಿನಲ್ಲಿ ಮಾಸ್ತಿಕಲ್ಲುಗಳಿಗೆ ಬರವಿಲ್ಲ. ಮೇಲೆತ್ತಿದ ಕೈ, ಕೈತುಂಬ ಬಳೆ. ಹೆಂಗಸರು ಅದಕ್ಕೆ ಹಸಿರು ಬಳೆ ಏರಿಸಿ, ಅದರಲ್ಲೇ ಒಂದು ಜೊತೆ ಮರಳಿ ತಂದು ತೊಟ್ಟರೆ ಗಂಡನ ಆಯುಷ್ಯ ಗಟ್ಟಿ ಎಂದು ನಂಬಿಕೆ. ಕಲ್ಲಿಗೆ ಮಾಡುತ್ತಿದ್ದುದನ್ನು ಈಗ ಆ ಕೋಣೆಗೆ ಮಾಡತೊಡಗಿದರು. ಹಾನಗಲ್ಲಿನಿಂದ, ಶಿಗ್ಗಾವಿಯಿಂದ ಟೆಂಪೊ ತುಂಬ ಜನ.

ವಕೀಲರಾಗಿದ್ದ ನನ್ನ ಯಜಮಾನರು ಆ ಬೇಸಿಗೆಯಲ್ಲಿ ಟೈಫಾಯ್ಡಿನಿಂದ ಪಾರಾಗಿದ್ದರಷ್ಟೇ, ಇನ್ನೂ ಮಂಚ ಬಿಟ್ಟಿರಲಿಲ್ಲ. ಅತ್ತೆ ಹೊರಟು ನಿಂತರು.

“ಪಾಪ, ಯಾರೋ ಸತ್ತಾರ. ಅದರಾಗ ನೋಡೋದೇನದ ಅತ್ತೀ?” ಎಂದೆ.

“ನಿಮ್ಮ ಸಿಸ್ಟರ್‌ಗೋಳು ಗೋರಿ ತೋರಿಸಿದ್ರ ಎಜುಕೇಶನ್ನು, ನಾ ಕರಕೊಂಡು ಹೋದ್ರ ಹುಚ್ಚತನ. ಹೌದಲ್ಲ, ಮೇಡಂ ಬಾಯಿ? ಸೀರಿ ಉಟಗೋ.”

ಟೆಂಪೊ ಬಂಕಾಪುರ ದಾಟುವವರೆಗೂ ನಾನು ಸೀಟಿನಲ್ಲಿ ಮಿಸುಕಾಡುತ್ತಲೇ ಇದ್ದೆ. ಹೇಸಿಗೆಯೂ ಹೌದು, ಕುತೂಹಲವೂ ಹೌದು. ಆನೆಸ್ಟ್ಲಿ, ಯಾವುದು ಹೆಚ್ಚೆಂದು ಈಗಲೂ ಹೇಳಲಾರೆ. ಹಾನಗಲ್ಲಿನಲ್ಲಿ ಎಲ್ಲರೂ ಇಳಿದು ಮಿರ್ಚಿ ಬಜ್ಜಿ ತಿಂದರು. ಅತ್ತೆ ಮಾತ್ರ ಮನೆಯಿಂದ ತಂದ ತಾಮ್ರದ ತಂಬಿಗೆ ತೊಡೆಯ ಮೇಲಿಟ್ಟುಕೊಂಡು ಕೂತರು.

“ಸತ್ತಲ್ಲಿಗೆ ಹೋಗಾಕ ಮಡಿ ಅಡ್ಡ ಬರಂಗಿಲ್ಲ, ಬಜ್ಜಿ ತಿನ್ನಾಕ ಬರತೈತಿ ನೋಡ್ರಿ,” ಎಂದು ಹಿಂದಿನ ಸೀಟಿನ ಹೆಂಗಸು ನಕ್ಕಳು.

“ನಿಮ್ಮ ಹೊಟ್ಟಿ ನಿಮ್ಮದು. ತಿನ್ರಿ,” ಎಂದರು ಅತ್ತೆ.

ಹಳ್ಳಿಯಲ್ಲಿ ಸಾಲು ಆಗಲೇ ಅಂಗಳ ದಾಟಿತ್ತು. ಕೋಣೆಯ ಬಾಗಿಲಲ್ಲಿ ಸತ್ತವಳ ಮೈದುನ ನಿಂತು, “ಬರ್ರಿ, ಗ್ವಾಡಿ ನೋಡ್ರಿ, ಅಲ್ಲೇ ಕುಂತಿದ್ಲು ತಾಯಿ,” ಎಂದು ಗೈಡಿನ ಹಾಗೆ ಒಂದೇ ರಾಗದಲ್ಲಿ ಹೇಳುತ್ತಿದ್ದ. ಅಂಗಳದ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಬಳೆ ಇಸಿದುಕೊಳ್ಳುವವಳು ಇವಳೇ ಇರಬೇಕೆಂದು ಅತ್ತೆ ಸೆರಗಿಗೆ ಕಟ್ಟಿ ತಂದಿದ್ದ ಹಸಿರು ಬಳೆಗಳನ್ನು ಅವಳ ಕೈಗಿಟ್ಟರು. ಅವಳು ಒಂದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದಳು.

“ಇವು ಸಣ್ಣವ್ರಿ ಬಾಯಾರ. ನನ್ನ ಮಗಳ ಕೈಗೆ ಏರಂಗಿಲ್ಲ. ಕಳೆ ಕಿತ್ತ ಕೈ ಅದು.”

ಮುದುಕಿ ದನಿ ತಗ್ಗಿಸಿ ಮುಂದುವರಿಸಿದಳು: “ಹೊಲದಾಗ ಪಾಲು ಕೇಳಿದ್ಲು, ಎಂಟು ದಿನಕ್ಕ ದೇವತಿ ಆದ್ಲು. ಹೆಂಗ ಸತ್ಲು ಅಂತ ಕೇಳಿದ್ರ, ದೇವತಿನ್ನ ಹಂಗ ಕೇಳೂದು ಪಾಪ ಅಂತಾರ. ನಾ ಯಾರನ್ನ ಕೇಳ್ಲಿ? ಬಂದವ್ರೆಲ್ಲಾ ಗ್ವಾಡಿ ನೋಡಿ ಹೊಕ್ಕೀರಿ. ಒಬ್ರರ ಬಾಗಲಾ ನೋಡ್ರಿ.”

ಅತ್ತೆ ಬಳೆಗಳನ್ನು ಮರಳಿ ಸೆರಗಿಗೆ ಕಟ್ಟಿಕೊಂಡು ಸಾಲಿನಲ್ಲಿ ನಿಂತರು. “ಲೆಟ್ ಅಸ್ ಗೋ, ಅತ್ತೀ,” ಎಂದೆ, ಅವರು ತಿರುಗಿಯೂ ನೋಡಲಿಲ್ಲ. ಕೋಣೆಯೊಳಗೆ ಎಲ್ಲರೂ ಕಪ್ಪಾದ ಗೋಡೆಗೆ ಕುಂಕುಮ ಹಚ್ಚುತ್ತಿದ್ದರೆ ಅವರು ಬಾಗಿಲಿನ ಒಳಮೈಯನ್ನು ಅಂಗೈಯಿಂದ ಮೇಲಿಂದ ಕೆಳಗೆ ಸವರಿದರು, ಆಮೇಲೆ ಚೌಕಟ್ಟನ್ನು. ಪರಮ ಮಡಿಯ ಆ ಕೈಗೆ ಮಸಿ ಮೆತ್ತಿತು.

“ಏನಪಾ, ಒಳಗ ಚಿಲಕ ಎಲ್ಲದ?”

“ಬಾಗಲಾ ಒಡಿಯೂವಾಗ ಕಿತ್ತು ಹೋಗೇತ್ರಿ.”

“ಮೊಳಿ ಹೊಡದ ತೂತರ ಇರಬೇಕಲ್ಲ?”

ಅವನು ಸಾಲಿನ ಕಡೆ ನೋಡಿದ. ಬಜ್ಜಿಯ ಮಾತಾಡಿದ್ದ ಆ ಹೆಂಗಸು ನಮ್ಮ ಹಿಂದೆಯೇ ಇದ್ದಳು. “ಖರೇನ ರೀ, ಮೇವಿನ ಖೋಲಿಗೆ ಒಳಗ ಚಿಲಕ ಯಾವೂರಾಗ ಇರತೈತಿ? ದನಾ ಹಾಕ್ಕೊಂತಾವೇನು?” ಎಂದಳು. ಯಾರೋ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ಒಬ್ಬೊಬ್ಬರಾಗಿ ಹೆಂಗಸರು ಗೋಡೆ ಬಿಟ್ಟು ಬಾಗಿಲ ಕಡೆ ತಿರುಗಿದರು. ದಿನವೂ ದನದ ಮನೆಯ ಬಾಗಿಲು ತೆಗೆದು ಹಾಕುವ ಕೈಗಳೇ ಅವೆಲ್ಲ. ಹೊರಗೆ ಕೊಂಡಿ ಹಾಗೇ ನೇತಾಡುತ್ತಿತ್ತು, ಕಬ್ಬಿಣದ್ದು, ಗಟ್ಟಿಯಾದದ್ದು.

ಮನೆಗೆ ಬಂದು ಅತ್ತೆ ಸ್ನಾನ ಮಾಡಿದರು. ಬಳೆ ನನಗೆ ತೊಡಿಸಲಿಲ್ಲ. ಮಗನ ಮಂಚದ ಹತ್ತಿರ ಹೋಗಿ, “ನಿನಗ ಆಯುಷ್ಯ ಬೇಡಲಿಕ್ಕೆ ಹೋಗಿದ್ದೆ. ಎದ್ದು ಓಡ್ಯಾಡೂ ಹಂಗಾದ ಮ್ಯಾಲೆ ಮದಲ ಆ ಮುದುಕಿ ಕೆಲಸಾ ಮಾಡು,” ಎಂದರು.

ಯಜಮಾನರು ಫಿರ್ಯಾದಿ ಬರೆದುಕೊಟ್ಟರು. ಕೇಸು ವರ್ಷಗಟ್ಟಲೆ ನಡೆದು ಬಿದ್ದುಹೋಯಿತು. ಸಾಕ್ಷಿ ಹೇಳುತ್ತೇವೆ ಎಂದವರಾರೂ ಬರಲಿಲ್ಲ. ಟೆಂಪೊಗಳು ಮಾತ್ರ ಆ ಬೇಸಿಗೆಯಲ್ಲೇ ನಿಂತುಹೋಗಿದ್ದವು.

ಕೇಸಿನ ತಾರೀಖು ಹತ್ತಿರ ಬಂದಾಗಲೆಲ್ಲ ಮುದುಕಿ ಸವಣೂರಿಗೆ ಬಂದು ನಮ್ಮ ಪಡಸಾಲೆಯಲ್ಲಿ ಮಲಗುತ್ತಿದ್ದಳು. ನಾನು ಕದ ಹಾಕಲು ಹೋದರೆ ದಿಗ್ಗನೆ ಎದ್ದು ಕೂರುತ್ತಿದ್ದಳು.

“ಕದಾ ಬರೇ ಮುಂದ ಮಾಡ್ರೆವ್ವಾ, ಚಿಲಕಾ ಹಾಕಬ್ಯಾಡ್ರಿ.”

ಅತ್ತೆ ಇರುವವರೆಗೂ ಆ ರಾತ್ರಿಗಳಲ್ಲಿ ನಮ್ಮ ಮನೆಯ ತಲೆಬಾಗಿಲಿಗೆ ಚಿಲಕ ಬೀಳಲಿಲ್ಲ.