ಕೆಡೂದು ಮೊದಲ ಹೇಳ್ರಿ

ಸಿಹಿ ಸುದ್ದಿ ಕೇಳಿದ ಕೂಡಲೇ ಬಳಿಗಾರ ಕಾಕಾ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪಟಾಕಿಯ ಬತ್ತಿಗೆ ಕಿಡಿ ತಾಗಿದ್ದನ್ನು ಕಂಡವರು ಮುಖ ಹಿಂಡಿಕೊಂಡು ನಿಲ್ಲುತ್ತಾರಲ್ಲ, ಹಾಗೆ. ನಾವು ಕೊಟ್ಟ ಪೇಡೆಯ ಪೊಟ್ಟಣ ಬಿಚ್ಚದೆ ಅವರ ತೊಡೆಯ ಮೇಲಿರುತ್ತಿತ್ತು. ಆಮೇಲೆ ಒಂದೇ ಕಣ್ಣು ತೆರೆದು, "ಛಲೋ ಆತು. ಈಗ ಇದು ಕೆಡೂದು ಹೆಂಗ, ಅದನ್ನ ಮೊದಲ ಹೇಳು" ಎನ್ನುತ್ತಿದ್ದರು. ಉತ್ತರ ಬರುವ ತನಕ ಪೇಡೆ ಯಾರಿಗೂ ಇಲ್ಲ.

ಧಾರವಾಡದ ಕಡೆಯವರು. ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ, ಮೇಲೆ ಹಾರಿಸುವ ಯಂತ್ರಗಳ ಬಿಡಿಭಾಗಗಳನ್ನು ಒಡೆಯುವವರೆಗೂ ಅಲುಗಾಡಿಸಿ, ಕಾಯಿಸಿ, ತಣಿಸಿ ನೋಡುವುದು ಅವರ ಕೆಲಸವಾಗಿತ್ತು. ಒಡೆದದ್ದು ಏಕೆಂದು ಬರೆಯುತ್ತಲೇ ತಲೆ ಬೆಳ್ಳಗಾಗಿ, ನಿವೃತ್ತರಾಗಿ, ಅಲ್ಲೇ ಒಂದು ಸಣ್ಣ ಮನೆ ಮಾಡಿಕೊಂಡಿದ್ದರು. ಎರಡು ಸಾವಿರದ ಇಸವಿಯ ಆಚೀಚೆ ನಾನು ಅದೇ ಊರಿನ ಕಳಕ್ಕೂಟಂನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾಗ, ಕನ್ನಡದ ಹುಡುಗ ಹುಡುಗಿಯರು ಭಾನುವಾರ ಅವರ ಮನೆಗೆ ದಾಳಿಯಿಡುತ್ತಿದ್ದೆವು. ಅವರ ಹೆಂಡತಿ, ಮಕ್ಕಳಿಲ್ಲದ ಶಾಂತಾ ಕಾಕು, ರೊಟ್ಟಿ ಬಡಿದು ಬಡಿದು ಹಾಕುತ್ತಿದ್ದರು. ಬೆನ್ನ ಹಿಂದೆ ನಾವು ಕಾಕಾಗೆ ಇಟ್ಟ ಹೆಸರು ಅಪಶಕುನ ಕಾಕಾ.

ಆದರೂ ಕೇಳಲು ಹೋಗುತ್ತಿದ್ದದ್ದು ಅವರ ಹತ್ತಿರವೇ. ನನಗೆ ಬಡ್ತಿ ಸಿಕ್ಕಾಗ, "ಇನ್ನ ನಿನ್ನ ಕೈಕೆಳಗಿನವರು ನಿನಗ ಖರೇ ಹೇಳೂದು ಬಿಡ್ತಾರ. ಆವಾಗ ಖರೇ ಯಾರನ್ನ ಕೇಳ್ತಿ?" ಎಂದು ಕೇಳಿದ್ದರು. ಮದುವೆ ಗೊತ್ತಾದ ಹುಡುಗನೊಬ್ಬನನ್ನು ಕೂರಿಸಿಕೊಂಡು, ಜಗಳವಾದರೆ ಇಬ್ಬರಲ್ಲಿ ಮೊದಲು ಮಾತು ಬಿಡುವವರು ಯಾರು, ಮೊದಲು ಮಾತಾಡುವವರು ಯಾರು ಎಂದು ವಿಚಾರಿಸಿದರು. ಅವನು ಇನ್ನೂ ಹುಡುಗಿಯ ಜೊತೆ ಸರಿಯಾಗಿ ಮಾತೇ ಆಡಿರಲಿಲ್ಲ, ಪಾಪ. ಆ ರಾತ್ರಿಯೇ ಫೋನು ಮಾಡಿ ಅವಳನ್ನು ಕೇಳಿದನಂತೆ. ಈಗಲೂ ಚೆನ್ನಾಗಿದ್ದಾರೆ.

ಕೆಲಸ ಬಿಟ್ಟು ಎರ್ನಾಕುಲಂನಲ್ಲಿ ಲಾಂಡ್ರಿ ಹಾಕುತ್ತೇನೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದುಕೊಡುತ್ತೇನೆ ಎಂದು ನಾನು ಹಾರಾಡಿಕೊಂಡು ಹೋದಾಗ ಕಾಕಾ ಎಂದಿನಂತೆ ಕಣ್ಣು ಮುಚ್ಚಿಕೊಂಡರು. ನಾನು ಮೈಸೂರಿನವಳು. ತಾರಸಿ ಇದೆ, ಬಿಸಿಲಿದೆ, ಇನ್ನೇನು ಬೇಕು ಎಂದು ನನ್ನ ಲೆಕ್ಕ. "ಹದಿನೈದು ದಿನ ಮಳಿ ಬಿಡಲಿಲ್ಲಂದ್ರ ಬಟ್ಟಿ ಎಲ್ಲಿ ಒಣಗಸ್ತಿ?" ಎಂದರು. ಅಲ್ಲಿಗೆ ನನ್ನ ಗಾಳಿಗೋಪುರದ ಅರ್ಧ ಬಿತ್ತು. ಅತ್ತುಕೊಂಡೇ ಹಗ್ಗದ ಬದಲು ಒಣಗಿಸುವ ಯಂತ್ರ ತಂದೆ. ಮೊದಲ ಮಳೆಗಾಲದಲ್ಲಿ ಪಕ್ಕದ ಬೀದಿಯ ಲಾಂಡ್ರಿ ಮುಗ್ಗಲು ವಾಸನೆ ಹೊಡೆದು ಬಾಗಿಲು ಹಾಕಿತು, ನನ್ನದು ಉಳಿಯಿತು. ಈ ಮನುಷ್ಯನ ಮೇಲೆ ನನಗಿದ್ದದ್ದು ಪ್ರೀತಿಯೋ ಭಯವೋ ಎಂದು ಕೇಳಿದರೆ, ಎರಡೂ.

ಅಂಗಡಿ ತೆರೆದ ಮರುವರ್ಷ ಒಂದು ಮಧ್ಯಾಹ್ನ ಕಾಕಾ ಒಬ್ಬರೇ ಎರ್ನಾಕುಲಂಗೆ ಬಂದರು. ಒಗೆದ ಚಾದರಗಳ ರಾಶಿಯ ಪಕ್ಕ ಸ್ಟೂಲೆಳೆದು ಕೂತು, ರಕ್ತದಲ್ಲಿ ಕ್ಯಾನ್ಸರ್ ಇದೆಯಂತೆ ಎಂದು ಯಾರದೋ ಮನೆಯ ಸುದ್ದಿಯಂತೆ ಹೇಳಿದರು. ಹೊಸದೊಂದು ಗುಳಿಗೆ ಶುರು ಮಾಡಿದ್ದಾರೆ, ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಎರಡು ವರ್ಷ. ಕಾಕುಗೆ ಅದು ಬಿಪಿ ಗುಳಿಗೆ ಎಂದು ಹೇಳಿದ್ದರು. ಆಕೆಗೆ ಹೇಳಿಬಿಡಿ ಎಂದು ನಾನು ಜಗಳಕ್ಕೇ ನಿಂತೆ.

"ಹೇಳಿದ್ರ ಆಕಿ ಎಲ್ಲಾ ಬಿಟ್ಟು ನನ್ನ ಮಾರಿ ನೋಡಿಕೋತ ಕುಂದರತಾಳ," ಎಂದರು. "ನಾ ಹೋದ ಮ್ಯಾಲ ಆಕಿ ಹೆಂಗ ಬದುಕತಾಳ, ಅದನ್ನ ವಿಚಾರ ಮಾಡಬೇಕವಾ. ಇಪ್ಪತ್ತೈದು ವರ್ಷದಾಗ ಎರಡು ಮಾತು ಕಲತಾಳ."

ನಿಜವೇ. ಕಾಕುಗೆ ಬರುತ್ತಿದ್ದ ಮಲಯಾಳಂ ಎಂದರೆ ಬೇಡ ಎನ್ನಲು 'ವೇಂಡ', ಸಾಕು ಎನ್ನಲು 'ಮದಿ'. ಗೇಟಿಗೆ ಬಂದ ಮೀನಿನವಳಿಗೆ ಮೊದಲನೆಯದು, ಹಾಲಿನವನಿಗೆ ಎರಡನೆಯದು. ಬ್ಯಾಂಕು, ಗ್ಯಾಸು, ಬಸ್ಸು ಎಲ್ಲ ಕಾಕಾ. ಊರಲ್ಲೂ ಅವರಿಗೆ ಯಾರೂ ಉಳಿದಿರಲಿಲ್ಲ. ಒಬ್ಬಂಟಿಯಾದ ಕಾಕು ಈ ಊರಿನಲ್ಲಿ ಹೇಗಿದ್ದಾರು ಎಂಬುದೊಂದೇ ಆಮೇಲೆ ಕಾಕಾನ ತಲೆಯನ್ನು ತಿನ್ನತೊಡಗಿತು.

ಪಾಠ ಶುರುವಾಯಿತು. ಕಾಕುವಿನ ಕೈಗೆ ಚೀಲ ಕೊಟ್ಟು, ಒಬ್ಬಳೇ ಚಾಲೈಗೆ ಹೋಗಿ ಬೆಲ್ಲ ತಾ ಎಂದು ಕಳಿಸಿದರು. ಆ ಜನಜಂಗುಳಿಯ ಪೇಟೆಯಲ್ಲಿ ದಾರಿ ತಪ್ಪಿ, ಸಂಜೆ ಅಳುತ್ತಾ ಬರಿಗೈಯಲ್ಲಿ ಬಂದರಂತೆ. ಕಾಕಾ ತಮ್ಮ ಕುರ್ಚಿಯಿಂದ ಏಳದೆ, ನಾಳೆ ಮತ್ತೆ ಹೋಗು ಎಂದರಂತೆ. "ನಾ ಏನು ಎಮ್ಮಿ ಏನವಾ, ಹಗ್ಗಾ ಬಿಚ್ಚಿ ಹೊಡದು ಕಳಸಾಕ?" ಎಂದು ಕಾಕು ಫೋನಿನಲ್ಲಿ ನನ್ನೆದುರು ಗೋಳಾಡಿದರು. ನನಗೆ ಗೊತ್ತಿದ್ದದ್ದನ್ನು ಹೇಳಿಬಿಡಬೇಕೆನಿಸಿತು. ಆದರೆ ಹೇಳುವುದಿಲ್ಲವೆಂದು ಕಾಕಾ ನನ್ನಿಂದ ಮಾತು ತೆಗೆದುಕೊಂಡಿದ್ದರು. ಅವರು ದಿನವಿಡೀ ಕೊಡೆಯಲ್ಲಿ ಮುಖ ಮರೆಸಿಕೊಂಡು ರಸ್ತೆಯ ಆಚೆ ಬದಿಯಲ್ಲಿ ಹೆಂಡತಿಯ ಹಿಂದೆಯೇ ಸುತ್ತಿ, ಆಟೋ ಹಿಡಿದು ಆಕೆಗಿಂತ ಮೊದಲು ಮನೆ ಸೇರಿ ಕುರ್ಚಿಯಲ್ಲಿ ಕೂತಿದ್ದರೆಂದು ನನಗೊಬ್ಬಳಿಗೇ ಗೊತ್ತಿತ್ತು.

ವರ್ಷ ತುಂಬುವುದರೊಳಗೆ ಕಾಕು ಬೇರೆಯೇ ಆದರು. ಚಾಲೈನಲ್ಲಿ ಅಂಗಡಿಯವನನ್ನು ಅಣ್ಣಾ ಎನ್ನುವಂತೆ 'ಚೇಟ್ಟಾ' ಎಂದು ಕರೆದು ಚೌಕಾಶಿ ಮಾಡುತ್ತಿದ್ದರು. ಬ್ಯಾಂಕಿನಲ್ಲಿ ಸಾಲು ಮುರಿದವನಿಗೆ ಮಲಯಾಳಂನಲ್ಲೇ ಝಾಡಿಸಿದರಂತೆ. ಕೊನೆಯ ಪಾಠ, ಒಬ್ಬರೇ ರೈಲು ಹತ್ತಿ ಎರ್ನಾಕುಲಂಗೆ, ನನ್ನ ಅಂಗಡಿಗೆ ಬಂದು ಹೋಗುವುದು. ಬೆಳಿಗ್ಗೆ ಕಾಕಾ ಗೇಟಿನಿಂದಲೇ ಕೈಬೀಸಿ ಕಳಿಸುತ್ತಿದ್ದರು. ಸಂಜೆ ತಿರುವನಂತಪುರದ ತಂಪಾನೂರಿನ ಸ್ಟೇಷನ್ನಿನಲ್ಲಿ ಕಂಬದ ಹಿಂದೆ ಅಡಗಿ ನಿಂತು, ಕಾಕು ಇಳಿದು ಆಟೋ ಹತ್ತುವುದನ್ನು ಕಣ್ತುಂಬ ನೋಡುತ್ತಿದ್ದರು. "ಸೀರಿ ನಿರಿಗಿ ಹಿಡಕೊಂಡು ಎಷ್ಟು ಠೀವಿಲೆ ಇಳೀತಾಳಂತಿ" ಎಂದು ಫೋನಿನಲ್ಲಿ ಪಿಸುಗುಟ್ಟಿದ್ದರು. ಅವರ ದನಿಯಲ್ಲಿ ಗೆದ್ದವರ ಖುಷಿ ಕೇಳಿದ್ದು ನಾನು ಆಗ ಮಾತ್ರ.

ಮೂರನೆಯ ಸಲ ಬಂದಾಗ ಕಾಕು ಊಟ ಸೇರುತ್ತಿಲ್ಲ ಎಂದರು. ಚೀಲ ಹೊತ್ತು ಎಡ ಭುಜ ಹಿಡಿದುಕೊಂಡಿದೆ ಎಂದು ನೀವಿಕೊಳ್ಳುತ್ತಾ ಯಂತ್ರಗಳ ಬಿಸಿಯಲ್ಲಿ ಬೆವರುತ್ತಾ ಕೂತಿದ್ದರು. ಇವತ್ತು ಇಲ್ಲೇ ಉಳಿಯಿರಿ ಎಂದೆ. ಸ್ಟೇಷನ್ನಿಗಾದರೂ ಬರುತ್ತೇನೆ ಎಂದೆ. "ಬ್ಯಾಡವಾ. ಒಬ್ಬಾಕಿನ ಹೋಗ್ತೀನಿ. ಹೋಗಾಕ ಬರ್ತೈತಿ ನನಗೀಗ," ಎಂದರು. ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತಂತೆ. ಎದುರು ಕೂತವರು, ನಿದ್ದೆ ಹೋಗಿದ್ದಾರೆಂದುಕೊಂಡಿದ್ದರಂತೆ.

ರೈಲಿನ ಕೊನೆಯ ನಿಲ್ದಾಣ ತಿರುವನಂತಪುರ. ಎಲ್ಲರೂ ಇಳಿದರು. ಕಾಕು ಇಳಿಯಲಿಲ್ಲ. ಕಾಕಾ ಕಂಬದ ಹಿಂದಿನಿಂದ ಹೊರಗೆ ಬರಲಿಲ್ಲ. ಗಾಡಿ ಗುಡಿಸುವವರು ಹತ್ತಿ, ಒಬ್ಬ ಬಾಗಿಲಿಗೆ ಬಂದು ಕೂಗಿ ಜನರನ್ನು ಕರೆಯುವವರೆಗೂ ಬರಲಿಲ್ಲ. "ಏನೋ ಮರತಿರಬೇಕು, ಹುಡುಕ್ಯಾಡಾಕತ್ತಿರಬೇಕು, ನಾ ಹೋದ್ರ ಕಲತದ್ದೆಲ್ಲಾ ಹೋಗ್ತೈತಿ ಅಂದುಕೊಂಡ್ನಿ," ಎಂದು ಆಮೇಲೆ ನನ್ನ ಮುಂದೆ ಹೇಳಿದರು. ಹೃದಯ ನಿಂತದ್ದು ಇನ್ನೂ ಗಂಟೆಯ ದಾರಿ ಇದ್ದ ಕೊಲ್ಲಂ ದಾಟುವ ಮೊದಲೇ ಇರಬೇಕು, ಬೇಗ ನೋಡಿದ್ದರೂ ಉಪಯೋಗವಿರಲಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಕಾಕಾ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮಳೆಗಾಲ ಮುಗಿದ ಮೇಲೆ ನೋಡಲು ಹೋದೆ. ಅದೇ ಕಡೆಯ ಭೇಟಿ. ಆಮೇಲೆ ಅವರು ಮನೆ ಮಾರಿ ಎಲ್ಲಿಗೆ ಹೋದರೋ, ನಮ್ಮಲ್ಲಿ ಯಾರಿಗೂ ತಿಳಿಸಲಿಲ್ಲ. ಅವತ್ತು ನಾನು ಹೋದಾಗ ಅಡುಗೆಮನೆಯಲ್ಲಿ ನಿಂತಿದ್ದರು. ಅಕ್ಕಿ ಡಬ್ಬಿ ಯಾವುದು, ರವೆ ಯಾವುದು ಎಂದು ಮುಚ್ಚಳ ತೆಗೆದು ತೆಗೆದು ನೋಡುತ್ತಿದ್ದರು. ನಾನು ಅನ್ನಕ್ಕಿಟ್ಟು, ನೀರು ಎಷ್ಟು ಎಂದು ಬೆರಳಿಟ್ಟು ತೋರಿಸಿದೆ. ವಿಧೇಯ ಹುಡುಗನಂತೆ ಬಗ್ಗಿ ನೋಡಿದರು. ಆರೋಗ್ಯ ಹೇಗಿದೆ, ಆಸ್ಪತ್ರೆಯಲ್ಲಿ ಏನಂದರು ಎಂದು ಅನ್ನ ಕುದಿ ಬಂದ ಮೇಲೆ ಕೇಳಿದೆ.

ಕಾಕಾ ಒಲೆಯ ಉರಿಯನ್ನೇ ನೋಡುತ್ತಿದ್ದರು.

"ಗುಳಿಗಿ ಹತ್ಯಾವಂತವಾ," ಎಂದರು. "ಇನ್ನ ಹತ್ತು ಹದಿನೈದು ವರ್ಷ ನನಗ ಏನೂ ಆಗೂದಿಲ್ಲಂತ."