ಟವೆಲ್ ಕೆಳಗಿನ ಬಾಡಿಗೆ

ಚಳ್ಳಕೆರೆಯಲ್ಲಿ ಮನೆ ಬಾಡಿಗೆ ಏರುತ್ತಿದೆ ಎಂಬ ಸುದ್ದಿಯನ್ನು ಜಿಲ್ಲಾ ಪುಟಕ್ಕೆ ತಿದ್ದಿದವನು ನಾನೇ. ವರದಿಗಾರ ಕಳಿಸಿದ್ದರಲ್ಲಿ ಗಗನ, ಮುಗಿಲು ಎಂಬ ಪದಗಳನ್ನು ತೆಗೆದೆ. ಮಾಲೀಕರೊಬ್ಬರ ಮಾತು, ಬಾಡಿಗೆದಾರರೊಬ್ಬರ ಮಾತು ಎರಡನ್ನೂ ಉಳಿಸಿ ತಣ್ಣನೆಯ ತಲೆಬರಹ ಕೊಟ್ಟೆ. ಅದು ಅಚ್ಚಾದ ಮುಂದಿನ ಭಾನುವಾರ ಬ್ರೋಕರ್ ಒಬ್ಬ ಕಾರಿನಲ್ಲಿ ಬಂದ ಗಂಡ ಹೆಂಡತಿಗೆ ಗೇಟಿನಾಚೆ ನಿಂತು ಮನೆಯೊಂದನ್ನು ತೋರಿಸುತ್ತಿದ್ದ. ಅದು ನಾವು ಬಾಡಿಗೆಗಿದ್ದ ಮನೆ. ನಾನು ಒಳಗೆ ಕೂತು ಪೇಪರ್ ಓದುತ್ತಿದ್ದೆ. ಆಕೆ ನಮ್ಮ ನೀರಿನ ಟ್ಯಾಂಕಿನ ಕಡೆ ಕೈ ಮಾಡಿ ಏನೋ ಕೇಳಿದರು. ಬ್ರೋಕರ್ ತಲೆಯಾಡಿಸಿದ.

ನಾವು ಈ ಊರಿನಲ್ಲಿರುವುದಕ್ಕೆ ಕಾರಣ ಒಂದೇ, ಊರು ನಮ್ಮಿಬ್ಬರ ಕೆಲಸದ ಜಾಗಗಳ ನಡುವೆ ಇದೆ. ನನ್ನ ಕೆಲಸ ಚಿತ್ರದುರ್ಗದ ಕಚೇರಿಯಲ್ಲಿ. ಹೆಂಡತಿ ಮೊಳಕಾಲ್ಮುರು ತಾಲ್ಲೂಕಿನ ರಾಂಪುರದ ಹತ್ತಿರ ಶಾಲೆಯೊಂದರಲ್ಲಿ ಟೀಚರ್. ಬೆಳಿಗ್ಗೆ ಅವಳು ಬಳ್ಳಾರಿ ಕಡೆಯ ಬಸ್ಸು ಹತ್ತುತ್ತಾಳೆ, ಆಮೇಲೆ ನಾನು ದುರ್ಗದ ಬಸ್ಸು ಹತ್ತುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಆ ಹೊತ್ತಿಗೆ ಅರ್ಧ ಊರೇ ಟಿಫನ್ ಬಾಕ್ಸ್ ಹಿಡಿದು ನಿಂತಿರುತ್ತದೆ. ಬ್ಯಾಂಕಿನವರು, ನರ್ಸುಗಳು, ತಾಲ್ಲೂಕು ಕಚೇರಿಯವರು, ಮೇಷ್ಟ್ರುಗಳು. ಸಂಬಳ ಒಂದು ಊರಿನದು, ಖರ್ಚು ಇನ್ನೊಂದು ಊರಿನದು.

ಖರ್ಚಿನ ವಿಷಯದಲ್ಲಿ ಇಷ್ಟು ಹೇಳಬಹುದು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದ್ದರಿಂದ ಅವಳ ಪ್ರಯಾಣದ ಖರ್ಚು ಇಳಿದಿತ್ತು. ನನ್ನದು ಏರಿತ್ತು. ಶೇಂಗಾ ಎಣ್ಣೆಯ ಊರಿನಲ್ಲಿದ್ದುಕೊಂಡೇ ನಾವು ಎಣ್ಣೆಯನ್ನು ಅಳೆದು ಸುರಿಯುತ್ತಿದ್ದೆವು. ಕುಡಿಯುವ ನೀರು ಕ್ಯಾನಿನಲ್ಲಿ ಬರುತ್ತಿತ್ತು. ಇವೆಲ್ಲ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪವೇ ಹೆಚ್ಚುವುದರಿಂದ ಹೇಗೋ ಹೊಂದಿಸಿಕೊಳ್ಳಬಹುದಿತ್ತು. ಬಾಡಿಗೆ ಹಾಗಲ್ಲ. ದೊಡ್ಡಉಳ್ಳಾರ್ತಿ ಕಡೆಯ ಕಾವಲಿನ ಹುಲ್ಲು ಬಯಲಿನಲ್ಲಿ ಸಂಶೋಧನಾ ಸಂಸ್ಥೆಗಳ ಕಟ್ಟಡಗಳು ಎದ್ದ ಮೇಲೆ ಅಲ್ಲಿ ಕೆಲಸಕ್ಕೆ ಬಂದವರು ಊರಿನಲ್ಲಿ ಮನೆ ಹುಡುಕತೊಡಗಿದ್ದರು. ನಮ್ಮ ಬೀದಿಯಲ್ಲಿ ಎರಡು ಮನೆಗಳು ಹಾಗೆ ಕೈ ಬದಲಾಗಿ, ಬಾಡಿಗೆ ಹೆಚ್ಚೂಕಡಿಮೆ ದುಪ್ಪಟ್ಟಾಗಿತ್ತು.

ಆ ದರ ನಮಗೂ ಬಂದರೆ ಏನು ಮಾಡುವುದೆಂದು ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಉಳಿದಿದ್ದ ದಾರಿ ಒಂದೇ. ಅವಳು ಮೊಳಕಾಲ್ಮುರಿನಲ್ಲಿ ಸಣ್ಣ ಮನೆ ಮಾಡುವುದು, ನಾನು ದುರ್ಗದಲ್ಲಿ ರೂಮು ಹಿಡಿಯುವುದು, ಭಾನುವಾರ ಸೇರುವುದು. ಮದುವೆಯಾದ ಮೇಲೆ ವರ್ಗಾವಣೆಯ ಕಾರಣಕ್ಕೆ ಹಾಗೆ ನಾಲ್ಕು ವರ್ಷ ಬದುಕಿದ್ದೆವು. ಮತ್ತೆ ಅದೇ ಬದುಕು ಬೇಕೆಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ. ಬೇಡವೆಂದೂ ಹೇಳಲಿಲ್ಲ. ಬೇಡ ಎಂದ ಮೇಲೆ ಬೇರೆ ದಾರಿ ತೋರಿಸಬೇಕಾಗುತ್ತಿತ್ತು.

ಮನೆ ಮಾಲೀಕರು ಶೇಂಗಾ ವ್ಯಾಪಾರದವರು. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಟವೆಲ್, ಕಡಿಮೆ ಮಾತು. ಎಲ್ಲರೂ ಅವರನ್ನು ಸಾವ್ಕಾರ್ರು ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಒಂದೇ ಕಾಂಪೌಂಡಿನಲ್ಲಿ ಅವರ ಎರಡು ಬಾಡಿಗೆ ಮನೆಗಳಿವೆ. ಒಂದರಲ್ಲಿ ನಾವು, ಪಕ್ಕದ್ದರಲ್ಲಿ ಮೊಳಕಾಲ್ಮುರಿನ ಕಾಲೇಜಿಗೆ ದಿನಾ ಹೋಗಿಬರುವ ಲೆಕ್ಚರರ್ ಕುಟುಂಬ. ಸಾವ್ಕಾರ್ರು ವರ್ಷಕ್ಕೊಮ್ಮೆ, ಯುಗಾದಿ ಕಳೆದ ಮೇಲೆ, ಬಾಡಿಗೆಯ ಮಾತಾಡುತ್ತಾರೆ. ಆ ವರ್ಷ ಯುಗಾದಿಗೆ ಇನ್ನೂ ಮೂರು ವಾರ ಇರುವಾಗಲೇ ಬ್ರೋಕರ್ ಬೀದಿಯಲ್ಲಿ ಓಡಾಡುತ್ತಿದ್ದ.

ಲೆಕ್ಚರರ್ ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಕಡೆ ನಡೆಯುವಾಗ ನನ್ನ ಜೊತೆಯಾದರು. ಅವರು ಸಾಮಾನ್ಯವಾಗಿ ಮುಂದೆ ಮುಂದೆ ನಡೆಯುವವರು.

"ಏನಾದ್ರೂ ಸುಳಿವು ಸಿಕ್ತೇನ್ರಿ? ಪೇಪರ್‌ನೋರಿಗೆ ಮೊದ್ಲು ಗೊತ್ತಾಗ್ಬೇಕಲ್ಲ."

"ಊರಿನ ಸುದ್ದಿ ಗೊತ್ತಾಗುತ್ತೆ ಸಾರ್. ನಮ್ಮ ಮನೇದು ಗೊತ್ತಾಗಲ್ಲ."

"ನೀವೇ ಬರ್ದು ಏರಿಸ್ದಂಗಾಯ್ತು ನೋಡ್ರಿ," ಎಂದು ಅವರು ನಕ್ಕರು. ನಗು ಪೂರ್ತಿ ತಮಾಷೆಯದಾಗಿರಲಿಲ್ಲ.

ಶನಿವಾರ ಶಾಲೆ ಬೆಳಿಗ್ಗೆಯೇ ಬಿಡುವುದರಿಂದ ನನ್ನ ಹೆಂಡತಿ ವಾಪಸ್ ಬರುವಾಗ, ಮೊಳಕಾಲ್ಮುರಿಗೆ ತಿರುಗುವ ಹಾನಗಲ್ ಕ್ರಾಸಿನಲ್ಲಿ ಇಳಿದಳು. ನಾನು ರಜೆ ಹಾಕಿ ಅಲ್ಲಿಗೆ ಹೋದೆ. ಇಬ್ಬರೂ ಆಟೋದಲ್ಲಿ ಮೊಳಕಾಲ್ಮುರು ತಲುಪಿ, ಅವಳ ಸಹೋದ್ಯೋಗಿಯೊಬ್ಬರು ಹೇಳಿದ್ದ ಮನೆ ನೋಡಿದೆವು. ಬಾಡಿಗೆ ನಂಬಲಾಗದಷ್ಟು ಕಡಿಮೆ. ಬಾಗಿಲು ತೆರೆದಾಗ ಯಾಕೆಂದು ತಿಳಿಯಿತು. ನಡುಮನೆಯ ಮಧ್ಯದಲ್ಲಿ ಸೊಂಟದಷ್ಟು ಆಳದ ಚೌಕ ಗುಂಡಿ. ಒಂದು ಕಾಲಕ್ಕೆ ಅಲ್ಲಿ ರೇಷ್ಮೆ ಸೀರೆ ನೇಯುವ ಕುಣಿ ಮಗ್ಗ ಇತ್ತು. ನೇಯುವವರು ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಈಗ ಮಗ್ಗ ಇಲ್ಲ, ಗುಂಡಿ ಇದೆ.

ಮನೆಯ ಯಜಮಾನಿ ವಯಸ್ಸಾದವರು. ಒಳಗಿದ್ದ ಯಾರೊಂದಿಗೋ ತೆಲುಗಿನಲ್ಲಿ, ನಮ್ಮೊಂದಿಗೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಗುಂಡಿಯನ್ನು ನಮ್ಮ ಖರ್ಚಿನಲ್ಲೇ ಮುಚ್ಚಿಸಬಹುದೇ ಎಂದು ಕೇಳಿದೆ.

"ಅದೊಂದು ಆಗಲ್ಲಪ್ಪ. ನಾಳೆ ಯಾರಾನ ಮಗ್ಗ ಹಾಕ್ತೀವಿ ಅಂದ್ರೆ?"

"ಹಾಕೋರು ಇದಾರಾ ಅಮ್ಮಾ?"

"ಇಲ್ಲ. ಆದ್ರೂ ಮುಚ್ಚಬಾರದು. ಮೇಲೊಂದು ಹಲಗೆ ಐತೆ, ಹಾಕ್ಕಳ್ರಿ. ಹಿಂದಿದ್ದೋರು ಅದ್ರಾಗೆ ಈರುಳ್ಳಿ ಇಡ್ತಿದ್ರು."

ನನ್ನ ಹೆಂಡತಿ ಹಲಗೆಯ ಮೇಲೆ ಹೆಜ್ಜೆ ಇಟ್ಟು ನೋಡಿದಳು. ಅದು ಸದ್ದು ಮಾಡಿತು. ಅವಳು ಅಡುಗೆ ಮನೆ ನೋಡಿದಳು, ಬಚ್ಚಲು ನೋಡಿದಳು, ನಲ್ಲಿ ತಿರುಗಿಸಿದಳು. ಒಳ್ಳೆಯ ಮನೆ, ಹೇಳಿ ಕಳಿಸುತ್ತೇವೆ ಎಂದಳು. ವಾಪಸ್ ಬಸ್ಸಿನಲ್ಲಿ ತಳಕು ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಒಬ್ಬಳೇ ಇರುವಾಗ ಆ ಗುಂಡಿ ಪಕ್ಕದಲ್ಲಿ ಮಲಗಲು ಆಗುವುದಿಲ್ಲ ಎಂದಳು. ಗುಂಡಿಯ ಬಗ್ಗೆ ಅಲ್ಲ, ಒಬ್ಬಳೇ ಇರುವುದರ ಬಗ್ಗೆ ಹೇಳಿದಳೆಂದು ನನಗೆ ಅರ್ಥವಾಯಿತು.

ಯುಗಾದಿ ಕಳೆದ ಮರುವಾರ ಸಾವ್ಕಾರ್ರಿಂದ ಕರೆ ಬಂತು. ಬಸ್ಸಿಗೆ ಹೋಗುವ ಮೊದಲು ಅಂಗಡಿಗೆ ಬಂದು ಹೋಗಬೇಕಂತೆ, ಲೆಕ್ಚರರೂ ಬರಬೇಕಂತೆ. ಅಂಗಡಿಯ ಜಗಲಿಯಲ್ಲಿ ಶೇಂಗಾ ಚೀಲಗಳು, ಗಲ್ಲಾ ಪೆಟ್ಟಿಗೆಯ ಹಿಂದೆ ಅವರು. ಎದುರಿಗಿನ ಬೆಂಚಿನ ಮೇಲೆ ಬ್ರೋಕರ್. ಅವನ ಪಕ್ಕದಲ್ಲಿ ನಮ್ಮ ಬೀದಿಯಲ್ಲಿ ಮೊದಲು ಬಾಡಿಗೆ ದುಪ್ಪಟ್ಟು ಮಾಡಿದ್ದ ಮನೆಯ ಮಾಲೀಕರು. ಆ ಇಬ್ಬರೂ ಅಲ್ಲಿದ್ದದ್ದು ನೋಡಿ, ಲೆಕ್ಕ ಮುಗಿಯಿತು ಅಂದುಕೊಂಡೆ. ಬೀದಿಯಲ್ಲಿ ಒಬ್ಬರು ಕಡಿಮೆಗೆ ಕೊಟ್ಟರೆ ಉಳಿದವರ ದರ ಕೆಡುತ್ತದೆ. ಸಾವ್ಕಾರ್ರು ದರ ಕೆಡಿಸಬಾರದೆಂದು ಕಾಯಲು ಬಂದವರಂತೆ ಇಬ್ಬರೂ ಕೂತಿದ್ದರು.

ಸಾವ್ಕಾರ್ರು ಪೀಠಿಕೆ ಹಾಕಲಿಲ್ಲ. "ಬರ್ರಿ ಪೇಪರ್‌ನೋರೇ, ಕೈ ಕೊಡ್ರಿ," ಎಂದು ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಬಲಗೈ ಮೇಲೆ ಹಾಸಿದರು.

ಕುರಿ ಸಂತೆ, ದನದ ಸಂತೆಗಳಲ್ಲಿ ವ್ಯಾಪಾರ ಇವತ್ತಿಗೂ ಹೀಗೇ ಕುದುರುತ್ತದೆ. ಕೊಡುವವನ ಕೈ, ಕೊಳ್ಳುವವನ ಕೈ ಎರಡೂ ಬಟ್ಟೆಯ ಕೆಳಗೆ. ಬೆಲೆಯನ್ನು ಬೆರಳು ಹಿಡಿದು ಹೇಳುತ್ತಾರೆ, ಬಾಯಿ ಬಿಡುವುದಿಲ್ಲ. ಸುತ್ತ ನಿಂತವರಿಗೆ ವ್ಯಾಪಾರ ಆಯಿತೆಂದು ಗೊತ್ತಾಗುತ್ತದೆ, ಎಷ್ಟಕ್ಕೆಂದು ಗೊತ್ತಾಗುವುದಿಲ್ಲ. ಕೇಳುವುದೂ ಮರ್ಯಾದೆಯಲ್ಲ. ಶೇಂಗಾ ವ್ಯಾಪಾರವೂ ಹಿಂದೆ ಹೀಗೇ ನಡೆಯುತ್ತಿತ್ತಂತೆ. ಈಗ ಮಾರುಕಟ್ಟೆಯಲ್ಲಿ ಕಂಪ್ಯೂಟರ್ ಟೆಂಡರ್. ನಾನು ಸಂತೆಯ ವರದಿ ಮಾಡಿದ್ದವನು, ರೀತಿ ಗೊತ್ತಿತ್ತು. ಇಡೀ ಬೆರಳು ಹಿಡಿದರೆ ಸಾವಿರ, ಬೆರಳಿನ ಗೆಣ್ಣು ಒತ್ತಿದರೆ ನೂರು. ಮನೆ ಬಾಡಿಗೆಯನ್ನು ಹೀಗೆ ಕುದುರಿಸಿದ್ದು ಮಾತ್ರ ಎಲ್ಲೂ ಕಂಡಿರಲಿಲ್ಲ.

ಈಗಿನ ಬಾಡಿಗೆಯ ಮೇಲೆ ಏರಿಸಲು ಎಷ್ಟು ಬೆರಳು ಹಿಡಿಯುತ್ತಾರೋ ಎಂದು ಕಾದೆ. ಸಾವ್ಕಾರ್ರ ಕೈ ಒರಟಾಗಿತ್ತು, ಬೆಚ್ಚಗಿತ್ತು. ಅವರು ಒಂದೂ ಬೆರಳು ಹಿಡಿಯಲಿಲ್ಲ. ಗೆಣ್ಣುಗಳನ್ನಷ್ಟೇ ಒಂದೊಂದಾಗಿ ಒತ್ತಿ, ಕೆಲವಕ್ಕೇ ನಿಲ್ಲಿಸಿದರು. ಹೋದ ವರ್ಷ ಏರಿಸಿದ್ದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

"ಇಷ್ಟೇನಾ" ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನನ್ನ ಮುಖ ಅರಳಿರಬೇಕು. ಸಾವ್ಕಾರ್ರು ಟವೆಲ್ಲಿನ ಕೆಳಗೆ ನನ್ನ ಅಂಗೈಯನ್ನು ಬಲವಾಗಿ ಹಿಸುಕಿದರು. ನೋವಾಯಿತು. ಅವರ ಕಣ್ಣು ಬೇರೆ ಕಡೆ ಇತ್ತು. ಆ ನೋವಿಗೆ ನನ್ನ ಮುಖ ಸಹಜವಾಗಿಯೇ ಕಿವುಚಿಕೊಂಡಿತು. ಬೇಕಾಗಿದ್ದದ್ದು ಅದೇ.

"ಏನಂತೀರಿ? ಆಗುತ್ತಾ?"

"ಕಷ್ಟ ಆಗುತ್ತೆ ಸಾವ್ಕಾರ್ರೇ," ಎಂದೆ.

"ಕಷ್ಟ ಯಾರಿಗಿಲ್ಲ? ಕಾಲ ಹಂಗೈತೆ."

"ಆಯ್ತು. ಒಪ್ಕಂಡೆ."

ಅವರು ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು ಬೆಂಚಿನ ಕಡೆ ತಿರುಗಿ, ಏರಿಸಿದ್ದೇನೆ, ಒಪ್ಪಿದ್ದಾರೆ ಎಂದು ಗಟ್ಟಿಯಾಗಿ ಹೇಳಿದರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಬ್ರೋಕರ್ ನನ್ನನ್ನು ನೋಡಿ ಮರುಗಿದ. "ಪಾಪ, ಮಖ ನೋಡ್ರಿ. ಸಾವ್ಕಾರ್ರು ಚೆನ್ನಾಗೇ ಕುಯ್ದವ್ರೆ."

ಇನ್ನೊಬ್ಬ ಮಾಲೀಕರು ತೃಪ್ತಿಯಿಂದ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಅಂಕಿ ಎಷ್ಟೆಂದು ಇಬ್ಬರೂ ಕೇಳಲಿಲ್ಲ. ಕೇಳುವಂತಿರಲಿಲ್ಲ.

ಸಾವ್ಕಾರ್ರು ಹೀಗೇಕೆ ಮಾಡಿದರೆಂದು ಅವರ ಬಾಯಿಂದ ಇಲ್ಲಿಯವರೆಗೆ ಕೇಳಿಲ್ಲ. ವಾರದ ಮೇಲೆ ಅವರ ಹೆಂಡತಿ ಕರಿಬೇವು ಕೊಡಲು ಬಂದಾಗ ಗೇಟಿನ ಹತ್ತಿರವೇ ನಿಂತು ಹೇಳಿದ್ದು ಇಷ್ಟು: ಬೇರೆ ಊರಿನವರು ಹೆಚ್ಚಿಗೆ ಕೊಡುತ್ತಾರೆ ನಿಜ, ಎರಡು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ, ಆಮೇಲೆ ಆರು ತಿಂಗಳು ಮನೆಗೆ ಬೀಗ. "ಖಾಲಿ ಮನ್ಯಾಗೆ ಹೆಗ್ಗಣ ಬಾಡಿಗೆ ಕಟ್ತಾವೇನ್ರಿ?" ಎಂದು ಕೇಳಿದರು. ಇದಕ್ಕಿಂತ ದೊಡ್ಡ ಕಾರಣ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ವ್ಯಾಪಾರಸ್ಥರ ಲೆಕ್ಕ ಅದು, ಸರಿಯಾದ ಲೆಕ್ಕ. ದರ ಕೆಡಿಸಿದವರೆಂಬ ಮಾತು ತಮ್ಮ ಜೊತೆಯವರಿಂದ ಬರಬಾರದೆಂಬುದಷ್ಟೇ ಅವರಿಗೆ ಬೇಕಿತ್ತು.

ಆ ಬೆಳಿಗ್ಗೆ ನಾನು ಅಂಗಡಿಯಿಂದ ಇಳಿಯುವಾಗ ಲೆಕ್ಚರರ್ ಮೆಟ್ಟಿಲು ಹತ್ತುತ್ತಿದ್ದರು. ನನ್ನ ಮುಖ ನೋಡಿ ಅವರ ಮುಖ ಇಳಿಯಿತು. ಏನೂ ಹೇಳುವಂತಿರಲಿಲ್ಲ. ಎದುರಿನ ಹೋಟೆಲಿನಲ್ಲಿ ಕೂತು ಟೀ ಹೇಳಿದೆ. ಟೀ ಮುಗಿಯುವಷ್ಟರಲ್ಲಿ ಅವರೂ ಬಂದರು, ಬಲಗೈ ನೀವಿಕೊಳ್ಳುತ್ತ. ಅಂಗಡಿಯಿಂದ ಕಾಣುವಷ್ಟು ದೂರ ಗಂಭೀರವಾಗಿ ನಡೆದು, ಒಳಗೆ ಬಂದು ನನ್ನ ಎದುರು ಕೂತರು.

"ಏನ್ ತಗಂತೀರಿ?" ಎಂದು ಕೇಳಿದರು.

"ಟೀ ಆಯ್ತು ಸಾರ್."

"ಒಗ್ಗರಣೆ ಮಂಡಕ್ಕಿ ಹೇಳ್ತೀನಿ. ಮಿರ್ಚಿ ಬಿಸಿ ಅದಾವೆ. ಇವತ್ತು ನಂದು."

ಆರು ವರ್ಷ ಪಕ್ಕದ ಮನೆಯಲ್ಲಿದ್ದವರು, ಒಂದು ಟೀ ಕೊಡಿಸಿದ್ದಿಲ್ಲ. ನಾವು ಮಂಡಕ್ಕಿ ತಿಂದೆವು. ಪರೀಕ್ಷೆ, ಬಿಸಿಲು, ಮೊಳಕಾಲ್ಮುರು ಬಸ್ಸಿನ ಹೊಸ ಕಂಡಕ್ಟರ್ ಬಗ್ಗೆ ಮಾತಾಡಿದೆವು. ಬಾಡಿಗೆಯ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಗೆಣ್ಣು ಎಷ್ಟು ಒತ್ತಿದರೆಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನದು ಇಲ್ಲಿಯೂ ಬರೆಯುವುದಿಲ್ಲ.

ಸಂಜೆ ಕಚೇರಿಯಿಂದ ಬೇಗ ಹೊರಟು ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಾದೆ. ಬಳ್ಳಾರಿ ಕಡೆಯ ಬಸ್ಸು ತುಂಬಿ ಬಂತು. ಹೆಂಡತಿ ಇಳಿದು ನನ್ನನ್ನು ಕಂಡು ಒಂದು ಕ್ಷಣ ನಿಂತಳು. ನಾನು ಅಲ್ಲಿ ಕಾಯುವುದು ರೂಢಿಯಲ್ಲ, ಕೆಟ್ಟ ಸುದ್ದಿಯೆಂದೇ ಅಂದುಕೊಂಡಿರಬೇಕು. ಜನರಿಂದ ಸ್ವಲ್ಪ ದೂರ ಕರೆದುಕೊಂಡು ಹೋಗಿ, ಎಷ್ಟೆಂದು ತಗ್ಗಿದ ದನಿಯಲ್ಲಿ ಹೇಳಿದೆ. ಅವಳು ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಬೀದಿಯಲ್ಲಿ ಯಾರಿಗೂ ಹೇಳುವಂತಿಲ್ಲ, ಅವಳ ಅಕ್ಕನಿಗೂ ಹೇಳುವಂತಿಲ್ಲ ಎಂದೆ. ಅವಳು ಒಪ್ಪಿದಳು. ಬ್ಯಾಗು ನನ್ನ ಕೈಗೆ ಕೊಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಾದ್ರೆ ನಡೀರಿ, ಪಾತ್ರೆ ಅಂಗಡಿಗೆ ಹೋಗಾಣ," ಎಂದಳು.

ನಮ್ಮ ಕುಕ್ಕರಿನ ರಬ್ಬರು ಸಡಿಲಾಗಿ ತಿಂಗಳಾಗಿತ್ತಂತೆ. ಹೇಗೂ ಎರಡು ಕಡೆ ಎರಡು ಸಣ್ಣ ಕುಕ್ಕರ್ ಕೊಳ್ಳಬೇಕಾಗುತ್ತದೆ, ಇದಕ್ಕೆ ಯಾಕೆ ದುಡ್ಡು ಹಾಕುವುದೆಂದು ಸುಮ್ಮನಿದ್ದಳಂತೆ. ನನಗೆ ಅದು ಗೊತ್ತಿರಲಿಲ್ಲ. ಅಂಗಡಿಯವನು ಡಬ್ಬಿಯಿಂದ ರಬ್ಬರು ತೆಗೆದು ಅಳತೆ ನೋಡಿ ಬೆಲೆ ಹೇಳಿದ. ಹೋದ ಸಲಕ್ಕಿಂತ ಹೆಚ್ಚಾಗಿತ್ತು. ತೊಂಡೆಕಾಯಿಗೂ ಚೌಕಾಸಿ ಮಾಡುವ ಅವಳು ಕೇಳಿದಷ್ಟೂ ಕೊಟ್ಟು, ರಬ್ಬರನ್ನು ಬಳೆಯ ಹಾಗೆ ಮುಂಗೈಗೆ ಹಾಕಿಕೊಂಡು, ಮನೆಯ ಕಡೆ ನಡೆದಳು.