ಅಳಿಯದ ಗುರುತು

ರಕ್ತದಲ್ಲಿ ಪ್ರತಿಕಾಯ ತಯಾರಿಸುವ ಕೋಶವನ್ನು ರೋಗಾಣು ನುಂಗುವ ಕೋಶವಾಗಿ ಮಾರ್ಪಡಿಸುವುದು ಪ್ರಯೋಗಾಲಯದಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದ ಸಂಶೋಧಕಿಯ ಕೆಲಸ. ಕೋಶವೇನೋ ಹೇಳಿದ ಮಾತು ಕೇಳಿ ಗಬಗಬ ನುಂಗುತ್ತಿತ್ತು. ಅದರ ಡಿಎನ್‌ಎ ಮೇಲಿನ ಹಳೆಯ ರಾಸಾಯನಿಕ ಗುರುತುಗಳು ಮಾತ್ರ ಜಪ್ಪಯ್ಯ ಎಂದರೂ ಅಳಿದಿರಲಿಲ್ಲ.

"ಕೋಶ ಬದಲಾದ ಮೇಲೆ ಗುರುತೂ ಅಳೀಲೇಬೇಕಮ್ಮ, ಇನ್ನೊಂದ್ಸಲ ಮಾಡಿ," ಎಂದರು ನಿರ್ದೇಶಕರು. ಇದೇ ಮೇಜಿನ ಮುಂದೆ ಸೊಂಟ ಬಗ್ಗಿಸಿ ದುಡಿದು ನಿರ್ದೇಶಕರ ಕುರ್ಚಿಗೇರಿದವರು. ಈಗ ಕುಡಿಯುವ ನೀರನ್ನೂ ತಾವಾಗಿ ಬಗ್ಗಿಸಿಕೊಳ್ಳುತ್ತಿರಲಿಲ್ಲ.

ಇನ್ನೊಂದು ಸಲ ಎಂದರೆ ಅಕ್ಕನ ರಜೆ ಮತ್ತೆ ನೀರುಪಾಲು.

ಮಾತಾಡುತ್ತಲೇ ನಿರ್ದೇಶಕರು ಅವಳ ಕೈಯಿಂದ ಕೋಶಗಳಿದ್ದ ಬಾಟಲಿ ತೆಗೆದುಕೊಂಡು, ಅಭ್ಯಾಸಬಲದಿಂದ ಸ್ಪಿರಿಟ್‌ನಿಂದ ಅದರ ಬಾಯಿ ಒರೆಸಿ, ಬೆಳಕಿಗೆ ಹಿಡಿದರು.

"ಸರ್, ಕುರ್ಚಿಗೇರಿದರೂ ನಿಮ್ಮ ಹಳೇ ಗುರುತೇ ಹೋಗಿಲ್ಲ. ಪಾಪ, ಕೋಶದ್ದು ಹೇಗೆ ಹೋಗುತ್ತೆ?" ಎಂದಳು ಅಕ್ಕ.

ಅವರು ತಮ್ಮ ಕೈಯನ್ನೇ ನೋಡಿಕೊಂಡರು.

"ಬಂದ ಫಲಿತಾಂಶವನ್ನೇ ಬರೀರಿ," ಎಂದರು. "ರಜೆಗೆ ಹೋಗ್ಬನ್ನಿ."